ಒಣ ಬಟ್ಟೆಯ ಕರಾರು

ಧೈರ್ಯವಂತರಿಗೆ ನೀರಿನ ಮೇಲೆ ಏನೂ ಆಗುವುದಿಲ್ಲ. ಅವರು ಹೋಗುತ್ತಾರೆ, ಹಕ್ಕಿ ನೋಡುತ್ತಾರೆ, ಫೋಟೊ ಹೊಡೆದುಕೊಂಡು ಬರುತ್ತಾರೆ. ಆಮೇಲೆ ಹೇಳಿಕೊಳ್ಳಲು ಅವರ ಹತ್ತಿರ ಒಂದು ಮಾತೂ ಇರುವುದಿಲ್ಲ. ಆಗುವುದೆಲ್ಲ ನನ್ನಂಥ ಪುಕ್ಕಲಿಯರಿಗೆ, ಮತ್ತು ಆಗುತ್ತಲೇ ಇರುತ್ತದೆ.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ನೀರು ಇಲ್ಲ ಎನ್ನುವ ಹೆದರಿಕೆ ರಾಯಚೂರಿನವರಿಗೆ ಹುಟ್ಟಿನಿಂದ ಬಂದದ್ದು. ನಲ್ಲಿ ಬರುವ ದಿನ ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತದೆ. ನೀರು ಇದೆ ಎನ್ನುವ ಹೆದರಿಕೆ ಮಾತ್ರ ಊರಿಗೆಲ್ಲ ನನಗೊಬ್ಬಳಿಗೇ ಇದ್ದದ್ದು. ಅದಕ್ಕೆ ಕಾರಣ ನನ್ನ ಜಾತಕ. ನಾನು ಹುಟ್ಟಿದಾಗ ಜೋಯಿಸರು, "ಕೂಸಿಗೆ ಜಲಗಂಡ ಅದ, ನೀರಿನ ಕಡಿ ಬಿಡಬ್ಯಾಡ್ರಿ" ಅಂದಿದ್ದರಂತೆ. ನಮ್ಮವ್ವ ಬಿಡಲಿಲ್ಲ. ಬಾವಿ ಕಡೆ ಬಿಡಲಿಲ್ಲ, ಹೊಳೆ ಕಡೆ ಬಿಡಲಿಲ್ಲ, ಗುಡಿಗೆ ಹೋದರೆ ಹೊಂಡಕ್ಕೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದಳು. ಮದುವೆಯಾದಾಗ ಜಾತಕದ ಜೊತೆಗೆ ಆ ಕಾವಲನ್ನೂ ನಮ್ಮ ಅತ್ತೆಗೆ ವಹಿಸಿಕೊಟ್ಟಳು. ನಾನು ವಿಜ್ಞಾನ ಓದಿದವಳು, ಜಾತಕವನ್ನು ನಂಬುವುದಿಲ್ಲ. ಆದರೆ ಜಾತಕ ನನ್ನನ್ನು ನಂಬಿಕೊಂಡು ಕೂತಿದೆಯೇನೋ ಎಂಬ ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಇಷ್ಟಾದರೂ ನನಗೊಂದು ಆಸೆ. ಬೇಸಿಗೆಯಲ್ಲಿ ನಮ್ಮ ಕೃಷ್ಣಾ ಹೊಳೆಯ ನೀರಿಳಿದು ನಡುವಿನ ಬಂಡೆಗಳು ತಲೆ ಎತ್ತಿದಾಗ ಅವುಗಳ ಮೇಲೆ ರೀವ ಎನ್ನುವ ಹಕ್ಕಿ ಮೊಟ್ಟೆ ಇಡುತ್ತದೆ. ಹಳದಿ ಕೊಕ್ಕು, ತಲೆಗೆ ಕರಿ ಟೊಪ್ಪಿಗೆ. ಗೂಡಿಲ್ಲ ಗೀಡಿಲ್ಲ, ಬರೀ ಕಲ್ಲಿನ ಮೇಲೆ ಸಂಸಾರ. ಇಷ್ಟು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ, ಕಣ್ಣಾರೆ ಕಂಡಿರಲಿಲ್ಲ. ಕಾಣಬೇಕಾದರೆ ನೀರಿನ ಮೇಲೆ ಹೋಗಬೇಕು.

ಅಂಥ ಹೊತ್ತಿಗೆ ನಮ್ಮ ಕಾಲೇಜಿನಿಂದ ನಿವೃತ್ತರಾದ ಪಿ.ಟಿ. ಮಾಸ್ತರು ಎಲ್ಲಿಂದಲೋ ಎರಡು ಕಯಾಕ್ ತರಿಸಿದರು. ಕಯಾಕ್ ಎಂದರೆ ಏನು ಎಂದು ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ: ಒಂದು ಉದ್ದ ಬದನೆಕಾಯಿ ಸೀಳಿ, ಎಣ್ಣೆಗಾಯಿಗೆ ಮಸಾಲೆ ತುಂಬಿದ ಹಾಗೆ ಇಬ್ಬರನ್ನು ಹಿಂದೆ ಮುಂದೆ ತುಂಬಿ, ಕೈಗೊಂದೊಂದು ಎರಡು ತುದಿಯ ಹುಟ್ಟು ಕೊಟ್ಟು ನೀರಿಗೆ ದಬ್ಬುವುದು. ಮಾಸ್ತರರು, ಸಸ್ಯಶಾಸ್ತ್ರ ಕಲಿಸುವ ಬಾಟನಿ ಮೇಡಂ ಮತ್ತು ನಾನು, ಹೀಗೆ ನಮ್ಮದೊಂದು ತಂಡವಾಯಿತು. ಪ್ರತಿ ಐತವಾರ ಜಿಲ್ಲೆಯ ಕೆರೆ, ಜೌಗು, ಹಿನ್ನೀರು ಸುತ್ತಿ, ಬೇಸಿಗೆಯ ಹೊತ್ತಿಗೆ ಕೈ ಪಳಗಿಸಿಕೊಂಡು ರೀವದ ಬಂಡೆಗೆ ಹೋಗುವುದೆಂದು ಯೋಜನೆ.

ಮನೆಯಲ್ಲಿ ವಿಷಯ ಎತ್ತಿದೆ. ಅತ್ತೆ ಅಡಿಕೆ ಕತ್ತರಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಹೋಗು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಣ ಅರಿವಿಲೆ ಹೋಗಿ ಒಣ ಅರಿವಿಲೆ ಬರಬೇಕು. ಒಂದ್ಸಲ ತೋಯ್ದು ಬಂದಿ ಅಂದ್ರ ಅವತ್ತಿಗೆ ಮುಗೀತು. ನಿನ್ನ ಹಕ್ಕಿನೂ ಇಲ್ಲ, ಮಾಸ್ತರನ ಬದನಿಕಾಯಿನೂ ಇಲ್ಲ."

ಕರಾರಾಯಿತು. ಅಂದಿನಿಂದ ನನಗೆ ಎರಡು ಹೆದರಿಕೆ: ಒಂದು ಸಾಯುವುದು, ಇನ್ನೊಂದು ತೋಯುವುದು. ಸತ್ತರೆ ಅಲ್ಲಿಗೆ ಮುಗಿಯಿತು. ತೋಯ್ದರೆ ಮನೆಗೆ ಬಂದು ಅತ್ತೆಯ ಮುಂದೆ ನಿಲ್ಲಬೇಕು.

ಉಸುಕಿನಲ್ಲಿ ಮುಳುಗಿದ್ದು

ನೀರಿಗಿಳಿಯುವ ಮೊದಲು ನೆಲದ ಮೇಲೆ ಕಲಿಯಬೇಕು ಎಂಬುದು ಮಾಸ್ತರರ ಸಿದ್ಧಾಂತ. ಕಾಲೇಜು ಮೈದಾನದ ಲಾಂಗ್‌ಜಂಪ್ ಹೊಂಡದಲ್ಲಿ ಉಸುಕಿನ ಮೇಲೆ ಕಯಾಕ್ ಇಟ್ಟು ನನ್ನನ್ನು ಕೂಡಿಸಿದರು. ಸುತ್ತ ನನ್ನ ವಿದ್ಯಾರ್ಥಿಗಳು ನೆರೆದರು. ನಾನು ಪಾಠ ಮಾಡುವಾಗ ಅವರು ಇಷ್ಟು ಮಂದಿ ಬಂದದ್ದಿಲ್ಲ.

"ಎಡಕ್ಕ! ಬಲಕ್ಕ! ಮೇಡಂ, ಹುಟ್ಟು ಎತ್ರಿ! ಸುಮ್ನ ಕೈ ಆಡ್ಸಬ್ಯಾಡ್ರಿ, ಸುತ್ತಲೂ ನೀರು ಅದ ಅಂತ ತಿಳ್ಕೊಳ್ರಿ!"

ಅದೇ ತಪ್ಪಾಯಿತು. ನಾನು ತಿಳಿದುಕೊಂಡೆ.

ಕಣ್ಣು ಮುಚ್ಚಿದೆನೋ ಇಲ್ಲವೋ, ಸುತ್ತಲೂ ಕರಿ ನೀರು, ತಳ ಕಾಣದ ನೀರು. ಅಷ್ಟರಲ್ಲಿ ಉಸುಕು ಒಂದು ಕಡೆ ಕುಸಿದು ಕಯಾಕ್ ಸ್ವಲ್ಪ ವಾಲಿತು. ಅಷ್ಟೇ. "ಹಿಡೀರೀ! ಮುಳುಗಿದೆ!" ಎಂದು ಕೂಗಿದವಳೇ ಹೊರಗೆ ಬಿದ್ದು ಉಸುಕಿನಲ್ಲಿ ಎರಡೂ ಕೈ ಬಡಿಯತೊಡಗಿದೆ. ಉಸುಕು ಬಾಯಿಗೆ ಹೋಯಿತು, ಕಣ್ಣಿಗೆ ಹೋಯಿತು. ಉಸಿರು ಕಟ್ಟಿತು. ಹಿಂದಿನಿಂದ ಯಾರೋ, "ಮೇಡಂಗ ಚಕ್ಕರ್ ಬಂತು!" ಅಂದರು. ಕ್ಯಾಂಟೀನಿನ ಅವ್ವ ಓಡಿ ಬಂದು, ತುಂಬಿದ ಕೊಡವನ್ನು ಹಾಗೇ ನನ್ನ ತಲೆಯ ಮೇಲೆ ಬೋರಲು ಹಾಕಿದಳು.

ಮನೆಗೆ ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ಇದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇನ್ನೂ ಶುರುವಾಗುವ ಮೊದಲೇ ಮುಗಿಯಿತಲ್ಲ ಎಂದು ನನಗೆ ಅಳು ಬಂತು. ಅತ್ತೆ ದುಪಟ್ಟಾದ ತುದಿ ಎತ್ತಿ ಮೂಸಿದರು.

"ಇದು ನಲ್ಲಿ ನೀರು. ಬ್ಲೀಚಿಂಗ್ ವಾಸನಿ ಹೊಡಿಯಾಕತ್ತದ. ಹೊಳಿ ನೀರು ಅಲ್ಲ. ಇದು ನಡೀತದ."

ನೀರಿಗೆ ಇಳಿಯದೆ ಮುಳುಗಿ, ಹೊಳೆ ಕಾಣದೆ ತೋಯ್ದು ಬಂದ ದೋಣಿಗಾರ್ತಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಎಂದು ಮಾಸ್ತರರು ಈಗಲೂ ಹೋದಲ್ಲೆಲ್ಲ ಹೇಳುತ್ತಾರೆ. ಅದರಲ್ಲಿ ಅವರಿಗೆ ಹೆಮ್ಮೆಯೂ ಇದೆ; ಕಲಿಸಿದವರು ಅವರಲ್ಲವೇ.

ಗಾಲಿ ಇಲ್ಲದ ಗಾಡಿಯ ಪೂಜೆ

ನಿಜವಾದ ನೀರಿಗೆ ಇಳಿಯಲೆಂದು ಮೊದಲು ಹೋದದ್ದು ಮಾನ್ವಿ ಕಡೆಯ ಒಂದು ಕೆರೆಗೆ. ಕಾಲುವೆಯ ಬಸಿನೀರು ನಿಂತು ಸುತ್ತೆಲ್ಲ ಜೌಗು. ಬಕಗಳು ಕಾವಲಿಗೆ ನಿಂತ ಪೊಲೀಸರಂತೆ ಅಲ್ಲಲ್ಲಿ ನಿಂತಿದ್ದವು. ಹೊಸ ಗಾಡಿ ಅಂದಮೇಲೆ ಪೂಜೆ ಇಲ್ಲದೆ ಓಡಿಸುವುದು ಹೇಗೆ? ಮಾಸ್ತರರು ಪಕ್ಕದ ಊರಿನ ಅಯ್ಯನವರನ್ನು ಕರೆಸಿದ್ದರು. ಅವರು ಮೋಟಾರ್ ಸೈಕಲ್ ಮೇಲೆ ಬಂದು, ಅದನ್ನು ಏರಿಯ ಮೇಲೆ ನಿಲ್ಲಿಸಿ, ವಿಭೂತಿ ತಟ್ಟೆ ಹಿಡಿದು ಕೆಳಗಿಳಿದರು.

"ಗಾಡಿ ಎಲ್ಲದ್ರಿ?"

"ಇವೇ ಗಾಡಿ, ಅಯ್ಯನೋರೆ."

ಅಯ್ಯನವರು ಎರಡು ಸುತ್ತು ಹಾಕಿದರು. "ಗಾಲಿ?"

"ಗಾಲಿ ಇರಂಗಿಲ್ಲ್ರಿ ಇವಕ್ಕ."

"ಗಾಲಿ ಇಲ್ಲದ ಗಾಡಿಗೆ ನಿಂಬಿಹಣ್ಣು ಎಲ್ಲಿ ಇಡಬೇಕ್ರಿ?"

ಕೊನೆಗೆ ಕಯಾಕಿನ ಮೂತಿಯ ಕೆಳಗೆ ಇಟ್ಟು ಮುಂದಕ್ಕೆ ದಬ್ಬಿದರು. ನಿಂಬೆಹಣ್ಣು ಒಡೆಯಲಿಲ್ಲ. ಜಾರಿ ನೀರಿಗೆ ಬಿದ್ದು, ಕಯಾಕಿನ ಪಕ್ಕದಲ್ಲೇ ಕುಣಿಯುತ್ತಾ ತೇಲತೊಡಗಿತು. ಎಲ್ಲರೂ ಅದನ್ನೇ ನೋಡುತ್ತಾ ನಿಂತೆವು. ಒಡೆಯದ ನಿಂಬೆಹಣ್ಣು ಎಷ್ಟು ಹೆದರಿಸಬಲ್ಲದು ಎಂಬುದು ನನಗೆ ಅವತ್ತೇ ಗೊತ್ತಾದದ್ದು.

"ನಾ ಏರಂಗಿಲ್ಲ," ಅಂದರು ಬಾಟನಿ ಮೇಡಂ. ಅವರು ನಿಂಬೆಯ ಜಾತಿಯ ಮೇಲೇ ಪಿಎಚ್.ಡಿ. ಮಾಡಿದವರು. ನಾನೂ ಮನಸ್ಸಿನಲ್ಲೇ ಆ ನಿಂಬೆಹಣ್ಣಿಗೆ ಕೈ ಮುಗಿದೆ. ಇವತ್ತಿಗೆ ಬದುಕಿದೆ, ಇನ್ನು ಮನೆಗೆ ಹೋಗಬಹುದು ಅಂದುಕೊಂಡೆ.

ಆದರೆ ಅಯ್ಯನವರು ಬಿಡುವವರಲ್ಲ. "ಗಾಲಿ ಇದ್ದ ಗಾಡಿಲಿಂದ ಒಡೆಸೋಣ್ರಿ. ಪುಣ್ಯ ಇದಕ್ಕ ವರ್ಗಾ ಮಾಡ್ತೀನಿ" ಅಂದರು. ಏರಿಯ ಮೇಲೆ ಹೋದರು, ತಮ್ಮದೇ ಮೋಟಾರ್ ಸೈಕಲ್ಲಿನ ಗಾಲಿಗೆ ಎರಡು ಹೊಸ ನಿಂಬೆಹಣ್ಣು ಇಟ್ಟರು, ಹತ್ತಿ ಕೂತು ಸ್ಟ್ಯಾಂಡ್ ತೆಗೆದರು. ಚಟ್, ಚಟ್. ಎರಡೂ ಒಡೆದವು. ನಾವು ಚಪ್ಪಾಳೆ ತಟ್ಟಿದೆವು. ಗಾಡಿ ನಿಲ್ಲಲಿಲ್ಲ. ಏರಿ ಇಳಿಜಾರು, ನಿಂಬೆಹಣ್ಣಿನ ರಸ, ಕೆಳಗೆ ಪಾಚಿ. ಅಯ್ಯನವರು ನಮ್ಮೆಲ್ಲರ ನಡುವೆ ಹಾದು, "ಸರೀರೀ! ಸರೀರೀ!" ಎನ್ನುತ್ತಾ ನೆಟ್ಟಗೆ ಕೆರೆಯೊಳಗೆ ಹೋದರು.

ನಾನು ಅಷ್ಟರಲ್ಲಿ ನೀರು ಸಿಡಿಯದಷ್ಟು ದೂರ ಓಡಿ ಒಂದು ಜಾಲಿಮರ ಅಪ್ಪಿಕೊಂಡಿದ್ದೆ. ಕರಾರಿನ ಹೆದರಿಕೆ ನನ್ನ ಕಾಲಿನಲ್ಲೇ ಇತ್ತು. ಕೆರೆಯಲ್ಲಿ ಹ್ಯಾಂಡಲ್ಲಿನ ಎರಡು ಕನ್ನಡಿ ಮಾತ್ರ ಕಾಣುತ್ತಿದ್ದವು, ಪಕ್ಕದಲ್ಲಿ ಸೊಂಟದ ಮಟ್ಟದ ನೀರಲ್ಲಿ ಅಯ್ಯನವರು. ಗಾಬರಿಯಿಂದ ಕೈ ಚಾಚಿದ ಮಾಸ್ತರರಿಗೆ ಅವರು ಶಾಂತವಾಗಿ ಹೇಳಿದರು:

"ಹೆದರಬ್ಯಾಡ್ರಿ. ನಿಮ್ಮ ಗಂಡಾಂತರ ಎಲ್ಲಾ ನನ್ನ ಗಾಡಿಗೆ ವರ್ಗಾ ಆತು."

ದೇವದುರ್ಗದ ಬಸ್ಸು

ಲೈಫ್ ಜಾಕೆಟ್ಟನ್ನು ದಂಡೆಯಲ್ಲಿ ಹಾಕಿಕೊಳ್ಳಬೇಕು. ನಾನು ಮನೆಯಲ್ಲೇ ಹಾಕಿಕೊಳ್ಳುತ್ತಿದ್ದೆ. ಅದರ ಪಟ್ಟಿಗಳನ್ನು ಅತ್ತೆ ದೇವರ ಹೆಸರು ಹೇಳಿ ಗಂಟು ಹಾಕುತ್ತಿದ್ದರು. ಆ ಗಂಟು ಬಿಚ್ಚುವ ಧೈರ್ಯ ನನಗಿರಲಿಲ್ಲ. ಒಂದು ಐತವಾರ ಮಾಸ್ತರರು ಕಯಾಕ್ ಹೇರಿಕೊಂಡು ಮೊದಲೇ ಹೋಗಿದ್ದರಿಂದ ನಾನೊಬ್ಬಳೇ ಬಸ್ಸಿನಲ್ಲಿ ಹೊರಟೆ. ದೇವದುರ್ಗ ದಾಟಿ, ಕೃಷ್ಣಾ ಸೇತುವೆಯ ಆಚೆ ಇಳಿಯಬೇಕಿತ್ತು. ಕಿತ್ತಳೆ ಬಣ್ಣದ ಜಾಕೆಟ್ಟು, ಎದೆಯ ಮೇಲೆ ಒಂದು ಸೀಟಿ.

ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತ. "ಮೇಡಂ, ಇದು ಬಸ್ರಿ."

"ಗೊತ್ತದ್ರಿ."

ಆತ ಟಿಕೆಟ್ ಹರಿದು ಕೊಟ್ಟು ಮುಂದೆ ಸರಿದ. ಆದರೆ ಹಿಂದಿನ ಸೀಟಿನಲ್ಲಿ ಪಿಸುಮಾತು ಶುರುವಾಯಿತು.

"ಈಕಿ ಕಾಲೇಜ್ ಮೇಡಂ ನೋಡು. ಓದಿದಾಕಿ. ಸುಮ್ಸುಮ್ನ ಹಾಕ್ಕೊಂಡು ಕುಂತಿರ್ತಾಳೇನು?"

"ಡ್ಯಾಮಿನ ನೀರು ಬಿಟ್ಟಾರಂತೇನು?"

"ಯಪ್ಪಾ, ಮುಂದ ಸೇತುವಿ ಅದಲ್ಲೋ!"

ಸೇತುವೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಗುಲ್ಲೋ ಗುಲ್ಲು. "ನಿಲ್ಸೋ ಯಪ್ಪಾ! ನಾವು ನಡಕೋತ ದಾಟ್ತೀವಿ!" ಗಂಟುಮೂಟೆ, ಕೂಸು ಕುನ್ನಿ, ಒಂದು ಹುಂಜ, ಎಲ್ಲ ಇಳಿದವು. ಕಿಟಕಿಯಿಂದ ಬಗ್ಗಿ ನೋಡಿದೆ. ಸೇತುವೆಯ ಕೆಳಗೆ ಮೊಣಕಾಲುದ್ದ ನೀರು, ಕುರಿಗಳು ದಾಟುತ್ತಿದ್ದವು. ಆದರೂ ಇಷ್ಟು ಮಂದಿ ಇಳಿಯುತ್ತಿದ್ದಾರೆ ಅಂದರೆ ಇವರಿಗೆ ಏನೋ ಗೊತ್ತಿರಬೇಕು ಅನ್ನಿಸಿತು. ನಾನೂ ಎದ್ದೆ. ನಾನು ಎದ್ದದ್ದು ಕಂಡು ಕಂಡಕ್ಟರನೂ ಇಳಿದ.

ಖಾಲಿ ಬಸ್ಸಿನಲ್ಲಿ ನನ್ನನ್ನು ಬಿಟ್ಟರೆ ಉಳಿದವನು ಡ್ರೈವರ್ ಒಬ್ಬನೇ. ಆತ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡು, ಕನ್ನಡಿಯಲ್ಲಿ ನನ್ನನ್ನು ನೋಡಿ ಕೂಗಿದ:

"ಮೇಡಂ, ಇಳಿಯೋದಾದ್ರ ಆ ಜಾಕೀಟರ ಕೊಟ್ಟು ಇಳೀರಿ!"

ಹರಕೆಯಲ್ಲಿ ಪಾಲು

ದೇವದುರ್ಗದ ಕಡೆ ಹೊಳೆಯ ಹಿನ್ನೀರು ಹೊಲಗಳ ಮಗ್ಗುಲಿಗೆ ನುಗ್ಗಿ ನಿಲ್ಲುವ ಜಾಗದಲ್ಲಿ ಆಳೆತ್ತರದ ಜೊಂಡು ಬೆಳೆದಿದೆ. ಅದರ ನಡುವೆ ಓಣಿಗಳಂತೆ ನೀರಿನ ದಾರಿಗಳು. ಒಳಗೆ ಹೋದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಎಲ್ಲ ಓಣಿಗಳೂ ಒಂದೇ ಥರ. ಹೊರಗೆ ಬರುವ ದಾರಿ ಯಾವುದೆಂದು ಅಲ್ಲಿನ ನೀರಹಕ್ಕಿಗೆ ಮಾತ್ರ ಗೊತ್ತು, ಅದು ನಮ್ಮನ್ನು ಕಂಡ ಕೂಡಲೇ ಓಡಿಹೋಗುತ್ತದೆ.

ಬಾಟನಿ ಮೇಡಂ ಮತ್ತು ನಾನು ಒಂದೇ ಕಯಾಕಿನಲ್ಲಿದ್ದೆವು. ಅವರು ಪ್ರತಿಯೊಂದು ಹುಲ್ಲಿನ ಹೆಸರು ಹೇಳುತ್ತಾ ಹೋದರು, ನಾನು ಹೂಂ ಎನ್ನುತ್ತಾ ಹೋದೆ. ಹೀಗೆ ಹೂಂಗುಟ್ಟುತ್ತಲೇ ದಾರಿ ತಪ್ಪಿದೆವು. ಮಾಸ್ತರರನ್ನು ಕೂಗಿದರೆ ಜೊಂಡು ನಮ್ಮ ದನಿಯನ್ನು ನುಂಗಿತು. ಸೀಟಿ ಊದಿದೆ. ಅದಕ್ಕೆ ಉತ್ತರವೋ ಎಂಬಂತೆ ಎಡಗಡೆಯ ಜೊಂಡಿನಿಂದ ಬಂತು:

"ಭುಸ್ಸ್."

ಇಬ್ಬರೂ ಹುಟ್ಟು ಎತ್ತಿ ಹಿಡಿದು ಕಲ್ಲಾದೆವು.

"ಪ್ರಾಣಿ ನಿಮ್ಮ ವಿಷಯ. ಏನದು?" ಬಾಟನಿ ಮೇಡಂ ತುಟಿ ಅಲುಗಿಸದೆ ಕೇಳಿದರು.

"ಮೊಸಳಿ ಹಿಂಗ ಉಸಿರು ಬಿಡ್ತದೋ ಇಲ್ಲೋ ಗೊತ್ತಿಲ್ಲ," ಅಂದೆ. ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಆ ಹೊತ್ತಿಗೆ ಕಾಲೇಜಿನಲ್ಲೇ ಉಳಿದಿತ್ತು.

"ಭುಸ್ಸ್." ಇನ್ನೂ ಹತ್ತಿರ. ಜೊಂಡು ಅಲುಗಿತು. ಬಾಟನಿ ಮೇಡಂ ಕಣ್ಣು ಮುಚ್ಚಿ ಹರಕೆ ಶುರು ಮಾಡಿದರು.

"ಯಪ್ಪಾ ಸೂಗೂರೇಶ, ಜೀವಂತ ಬಂದ್ರ ನಿನಗೊಂದು ಕಾಯಿ ಒಡೀತೀನಿ."

"ಭುಸ್ಸ್."

"ಕಾಯಿ ಅಲ್ಲಪ್ಪಾ, ಅಭಿಷೇಕ. ಅಭಿಷೇಕ ಮಾಡಿಸ್ತೀನಿ."

ಜೊಂಡು ನಮ್ಮ ತಲೆಯ ಮೇಲೆ ಬಾಗಿತು. ಕಯಾಕ್ ಅಲುಗಿತು. ಬಾಟನಿ ಮೇಡಂ ಕಿರುಚಿದರು: "ದೀಡ ನಮಸ್ಕಾರ ಹಾಕಿಸ್ತೀನಿ ಯಪ್ಪಾ! ಇಕೀ ಕೈಲೆ ಹಾಕಿಸ್ತೀನಿ! ಇಕೀ ಹಾಕ್ತಾಳ!"

ಜೊಂಡು ಸರಿದು ಒಂದು ಎಮ್ಮೆಯ ಮುಖ ಹೊರಬಂತು. ಬಾಯಲ್ಲಿ ಹುಲ್ಲು, ಕಣ್ಣಲ್ಲಿ ಬೇಸರ. ನಮ್ಮನ್ನು ನೋಡಿ, ಇನ್ನೊಮ್ಮೆ ಭುಸ್ ಎಂದು, ಮುಖ ತಿರುಗಿಸಿ ನಡೆಯಿತು. ಅದರ ಬಾಲ ಹಿಡಿದವರಂತೆ ಹಿಂದೆಯೇ ಹೋಗಿ ದಂಡೆ ಮುಟ್ಟಿದೆವು. ಒಂದು ಹನಿಯೂ ತಾಗಿರಲಿಲ್ಲ.

ನಾನು ಮನೆಯಲ್ಲಿ ಇದನ್ನು ನಗೆಯ ಮಾತಾಗಿ ಹೇಳಿದೆ. ಅತ್ತೆ ನಗಲಿಲ್ಲ.

"ಹರಕಿ ಹೊತ್ತದ್ದು ಹೊತ್ತದ್ದೇ. ತೀರಿಸಬೇಕು."

"ನಾ ಹೊತ್ತಿಲ್ಲರೀ ಅತ್ತೀ! ಆಕಿ ಹೊತ್ತಾಳ, ನನ್ನ ಮ್ಯಾಲ ಹಾಕಿ!"

"ಜೀವ ಯಾರದು ಉಳೀತು?"

ಮುಂದಿನ ಸೋಮವಾರ ಹೊಳೆ ದಂಡೆಯ ದೇವಸುಗೂರಿಗೆ, ಸೂಗೂರೇಶನ ಗುಡಿಗೆ ಹೊರಟೆವು. ಬಾಟನಿ ಮೇಡಂಗೆ ಅವತ್ತೇ ಮೊಣಕಾಲು ಹಿಡಿದಿತ್ತು. ಅವರು ಕಾಯಿ ಕಳಿಸಿದ್ದರು. ದೀಡ ನಮಸ್ಕಾರ ಹಾಕುವವರು ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಗುಡಿಯ ತನಕ ನೆಲಕ್ಕೆ ಮೈ ಚಾಚಿ ಚಾಚಿ ಹೋಗಬೇಕು. ಹೊಳೆಯಲ್ಲಿ ಮಿಂದರೆ ಕರಾರು ಮುರಿಯಿತು. ಮೀಯದಿದ್ದರೆ ಹರಕೆ ಮುರಿಯಿತು. ಅತ್ತೆ ಮಾತ್ರ ನಿಶ್ಚಿಂತೆಯಿಂದ ಆಟೊದಿಂದ ಎರಡು ಕ್ಯಾನ್ ಇಳಿಸಿದರು. ರಾಯಚೂರಿನ ನಲ್ಲಿ ನೀರು. ಕೃಷ್ಣೆಯ ದಂಡೆಯ ಮೇಲೆ, ಕೃಷ್ಣೆಗೆ ಬೆನ್ನು ಮಾಡಿ ಕೂಡಿಸಿ, ಆ ಕ್ಯಾನಿನ ನೀರನ್ನು ನನ್ನ ತಲೆಯ ಮೇಲೆ ಸುರಿದರು.

ಪಕ್ಕದಲ್ಲಿ ಮಿಂದು ಬಂದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ ಕೇಳಿದಳು: "ಯವ್ವಾ, ಹೊಳಿ ಇಲ್ಲೇ ಅದಲ್ಲಬೇ?"

"ಅದಕ್ಕ," ಅಂದರು ಅತ್ತೆ, ಎರಡನೆಯ ಕ್ಯಾನ್ ಎತ್ತುತ್ತಾ. "ಅದು ಅಲ್ಲೇ ಇರ್ಲಿ ಅಂತ."

ವಾಹನ ಬಂತು

ಬೇಸಿಗೆ ಬಂತು. ಹೊಳೆ ಇಳಿಯಿತು, ಬಂಡೆಗಳು ಎದ್ದವು. ರೀವಗಳು ಮೊಟ್ಟೆ ಇಟ್ಟಿವೆ ಎಂದು ಮಾಸ್ತರರು ದಂಡೆಯಿಂದ ನೋಡಿ ಬಂದು ಹೇಳಿದರು. ಅದೇ ವಾರ ಹಾಲಿನಾಕೆ ಬಂದು ಅತ್ತೆಗೆ ಇನ್ನೊಂದು ಸುದ್ದಿ ಹೇಳಿದಳು: ಹೊಳೆ ದಂಡೆಯ ಯಾವುದೋ ಊರಲ್ಲಿ ಅರಿವೆ ಒಗೆಯುವ ಕಲ್ಲಿನ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಿತ್ತಂತೆ.

"ಸಾಕು. ಇನ್ನ ಹೋಗೋದು ಬ್ಯಾಡ," ಅಂದರು ಅತ್ತೆ.

"ಅತ್ತೀ, ಇದೊಂದ್ಸಲ. ಮರಿ ಹೊರಗ ಬಂದ್ರ ಹಾರಿ ಹೋಗ್ತಾವ. ಇಷ್ಟು ದಿನ ಹೆದರಿ ಹೆದರಿ ಕಲ್ತದ್ದು ಇದಕ್ಕ."

ಅತ್ತೆ ದೇವರ ಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಹಂಗಾದ್ರ ನಾನೂ ಬರ್ತೀನಿ. ಗಂಗವ್ವಗ ಉಡಿ ತುಂಬಿ, ನನ್ನ ಸೊಸಿನ್ನ ಕಾಯವ್ವಾ ಅಂತ ಬೇಡ್ಕೊಂಡ ಮ್ಯಾಲ ನಿನ್ನ ಹಕ್ಕಿ," ಅಂದರು.

ಐತವಾರ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಸ್ಟೀಲಿನ ತಟ್ಟೆಯಲ್ಲಿ ಕುಪ್ಪಸದ ಖಣ, ಹಸಿರು ಬಳೆ, ಒಣ ಕೊಬ್ಬರಿ, ಅರಿಶಿನ ಕುಂಕುಮ ಇಟ್ಟುಕೊಂಡು ತಯಾರಾದರು. ದಂಡೆಗೆ ಬಂದರೆ ಅಂಚಿನ ನೀರು ಹಸಿರುಗಟ್ಟಿ ನಿಂತಿತ್ತು.

"ಪಾಚಿಗೆ ಉಡಿ ತುಂಬ್ತಾರೇನಬೇ? ಹರಿಯೋ ನೀರಿಗೆ ಕರ್ಕೊಂಡು ನಡಿ."

ಮಾಸ್ತರರು ಗಾಬರಿಯಾದರು. "ಯವ್ವಾ, ನೀವು ಇದರಾಗ ಕುಂದ್ರತೀರಾ?"

"ಯಾಕ, ನನ್ನ ಜಾತಕದಾಗ ಏನು ಅದ? ಜಲಗಂಡ ಇರೋದು ಆಕಿಗೆ."

ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಿ ಅತ್ತೆಯನ್ನು ಮುಂದೆ ಕೂಡಿಸಿದೆವು. ಹಿಂದೆ ನಾನು. ಮಾಸ್ತರರು ಮತ್ತು ಬಾಟನಿ ಮೇಡಂ ಇನ್ನೊಂದು ಕಯಾಕಿನಲ್ಲಿ ಪಕ್ಕಕ್ಕೆ ಬಂದರು. ಅತ್ತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಹುಟ್ಟನ್ನು ಅಂಬಲಿ ತಿರುವುವ ಕಟ್ಟಿಗೆಯಂತೆ ಹಿಡಿದು ನೀರನ್ನು ತಿರುವತೊಡಗಿದರು. ಆಶ್ಚರ್ಯ ಎಂದರೆ ಕಯಾಕ್ ಮುಂದೆ ಹೋಯಿತು.

ಬಂಡೆಯಿಂದ ಸಾಕಷ್ಟು ದೂರದಲ್ಲೇ ನಿಲ್ಲಿಸಿದೆ. ರೀವಗಳು ಮೇಲೆ ಕಿರುಚುತ್ತಾ ಹಾರಾಡುತ್ತಿದ್ದವು. ದುರ್ಬೀನು ಎತ್ತಿದೆ. ಮೊದಲು ಆಕಾಶ ಕಂಡಿತು, ಆಮೇಲೆ ಅತ್ತೆಯ ತುರುಬು ಕಂಡಿತು. ಆಮೇಲೆ ಕಲ್ಲು. ಕಲ್ಲಿನ ಒಂದು ತಗ್ಗಿನಲ್ಲಿ ಮಚ್ಚೆ ಮಚ್ಚೆಯ ಎರಡು ಮೊಟ್ಟೆ, ಅವುಗಳ ಪಕ್ಕದಲ್ಲಿ ಉಸುಕಿನ ಬಣ್ಣದ ಒಂದು ಮರಿ, ಬಿಸಿಲಿಗೆ ಬಾಯಿ ಕಳೆದು ಕೂತಿತ್ತು. ತಾಯಿ ಬಂದು ತನ್ನ ನೆರಳನ್ನು ಅದರ ಮೇಲೆ ಹಾಸಿ ನಿಂತಿತು. ನನ್ನ ಕಣ್ಣು ಮಂಜಾದವು. ಹೆದರಿಕೆ ಎಂಬುದೇ ಮರೆತುಹೋಯಿತು.

ಆಗ ಬಂಡೆಯ ಆ ತುದಿಯಲ್ಲಿದ್ದ ಇನ್ನೊಂದು ಕಲ್ಲು ಬಾಯಿ ತೆರೆಯಿತು.

ನಾನು ದುರ್ಬೀನು ಇಳಿಸಿದೆ. ದುರ್ಬೀನು ಇಲ್ಲದೆಯೂ ಅದರ ಹಲ್ಲು ಕಾಣುತ್ತಿದ್ದವು.

ಮುಂದಿನಿಂದ ಅತ್ತೆಯ ದನಿ ಬಂತು, ಭಕ್ತಿಯಿಂದ ಕರಗಿದ ದನಿ: "ಯವ್ವಾ ಗಂಗವ್ವಾ! ಉಡಿ ಇಸ್ಗೊಳ್ಳಾಕ ನಿನ್ನ ವಾಹನಾನ ಕಳಿಸೀಯಾ?"

"ಅತ್ತೀ, ಅದು ಮೊಸಳಿ!"

"ನನಗೂ ಕಣ್ಣು ಅದಾವ. ಗಂಗವ್ವನ ವಾಹನ ಮೊಸಳಿ ಅಲ್ಲದ ಮೋಟಾರ್ ಸೈಕಲ್ ಏನು? ಹತ್ರ ನಡಿ, ಕುಂಕುಮ ಹಚ್ಚಬೇಕು."

ಅತ್ತೆ ಹುಟ್ಟು ತಿರುವಿದರು, ಮುಂದಕ್ಕೆ. ನಾನು ಜೀವ ಬಿಟ್ಟು ಹಿಂದಕ್ಕೆ ಎಳೆದೆ. ಮುಂದೆ ಭಕ್ತಿ, ಹಿಂದೆ ಹೆದರಿಕೆ, ಎರಡಕ್ಕೂ ಸಮ ಬಲ. ಕಯಾಕ್ ಅತ್ತಲೂ ಹೋಗದೆ ಇತ್ತಲೂ ಬಾರದೆ ಬೀಸುವ ಕಲ್ಲಿನಂತೆ ಇದ್ದಲ್ಲೇ ಗರಗರ ತಿರುಗತೊಡಗಿತು. ಮೊಸಳೆ, ದಂಡೆ, ಮೊಸಳೆ, ದಂಡೆ. ನಮ್ಮ ಹಿಂದಿದ್ದ ಮಾಸ್ತರರಿಗೆ ಮೊಸಳೆ ಕಂಡಿರಲಿಲ್ಲ. ಅವರು ಹುಟ್ಟು ಎತ್ತಿ ಕೂಗಿದರು: "ಶಾಬಾಸ್ ಮೇಡಂ! ಇದನ್ನ ಯಾವಾಗ ಕಲ್ತ್ರಿ?"

ನಾಲ್ಕನೆಯದೋ ಐದನೆಯದೋ ಸುತ್ತಿಗೆ ನೋಡಿದರೆ ಬಂಡೆಯ ಮೇಲೆ ಮೊಸಳೆ ಇರಲಿಲ್ಲ. ಸಪ್ಪಳವಿಲ್ಲದೆ ನೀರಿಗೆ ಜಾರಿತ್ತು.

ಕಾಣುವ ಮೊಸಳೆಗೆ ಹೆದರುವುದು ಹೆದರಿಕೆಯೇ ಅಲ್ಲ. ನೀರು ಸುಮ್ಮನೆ ಮಲಗಿತ್ತು. ಅತ್ತೆಯೂ ತಿರುವುವುದನ್ನು ನಿಲ್ಲಿಸಿದರು.

"ಎಲ್ಲಿ ಹೋತಬೇ?" ದನಿಯಲ್ಲಿ ಭಕ್ತಿ ಸ್ವಲ್ಪ ಕಡಿಮೆಯಾಗಿತ್ತು.

"ಕೆಳಗ."

"ಕೆಳಗ ಅಂದ್ರ?"

ಅಷ್ಟರಲ್ಲಿ ಕಯಾಕಿನ ತಳಕ್ಕೆ ದಬ್ಬೆಂದು ಏನೋ ಬಡಿಯಿತು. ನಮ್ಮಿಬ್ಬರ ಕೆಳಗೇ.

"ತಿರುಗಿಸಬೇ! ತಿರುಗಿಸು!"

"ಉಡಿ?"

"ಉಡಿ ಸುಡ್ಲಿ!" ಅತ್ತೆ ತಟ್ಟೆ ಸಮೇತ ಉಡಿಯನ್ನು ಹೊಳೆಗೆ ಬಿಸಾಡಿದರು. ಆಮೇಲೆ ಅತ್ತೆ ಸೊಸೆ ಇಬ್ಬರೂ ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಒಂದೇ ದಿಕ್ಕಿಗೆ ಕೈ ಹಾಕಿದೆವು. ಮಾಸ್ತರರ ಕಯಾಕನ್ನು ದಾಟಿದ್ದು ಗೊತ್ತಾಗಲಿಲ್ಲ, ದಂಡೆ ಬಂದದ್ದು ಗೊತ್ತಾಗಲಿಲ್ಲ. ನೀರು ಮುಗಿದ ಮೇಲೂ ಕೆಸರಿನಲ್ಲಿ ಹುಟ್ಟು ಹಾಕುತ್ತಲೇ ಇದ್ದೆವು.

ತಳಕ್ಕೆ ಬಡಿದದ್ದು ನೀರಿನೊಳಗಿನ ಕಲ್ಲು ಎಂದು ಮಾಸ್ತರರು ಗೀರು ತೋರಿಸಿ ಹೇಳಿದರು. ಆಮೇಲೆ ಕಯಾಕಿನೊಳಗೆ ಕೈಯಾಡಿಸಿ ಹುಬ್ಬು ಗಂಟಿಕ್ಕಿದರು.

"ತೂತು ಎಲ್ಲೂ ಇಲ್ಲ. ಮೂತಿ ಒಣಗ್ಯದ, ಬಾಲ ಒಣಗ್ಯದ. ಇಬ್ಬರ ಸೀಟು ಅಷ್ಟ ಹೆಂಗ ತೋಯ್ದಾವ್ರಿ?"

ನಾನು ಹಕ್ಕಿಗಳನ್ನು ನೋಡತೊಡಗಿದೆ. ಬಾಟನಿ ಮೇಡಂ ಒಂದು ಹುಲ್ಲು ಕಿತ್ತು ಅದರ ಬೇರು ಪರೀಕ್ಷಿಸತೊಡಗಿದರು. ಅತ್ತೆ ಸೆರಗು ಹಿಂದಕ್ಕೆ ಸರಿಮಾಡಿಕೊಂಡು ಹೇಳಿದರು: "ಮಾಸ್ತರ, ಹೊಳಿಯಾಗ ನೀರು ಇರಲಾರದ ಹಾಲು ಇರ್ತದೇನು? ಸುಮ್ನ ನಿಮ್ಮ ದೋಣಿ ತೊಳಕೋರಿ."

ಮನೆಯ ತನಕ ನನಗೆ ಒಂದೇ ಚಿಂತೆ. ಮರಿಗಳು ಇನ್ನೂ ಹಾರಿಲ್ಲ, ನಾನು ನೋಡಿದ್ದು ಎಷ್ಟು ಹೊತ್ತು? ಈಗ ನಲ್ಲಿ ನೀರು ಎಂದು ಹೇಳುವ ಹಾಗೂ ಇಲ್ಲ, ಅತ್ತೆ ಮೂಸಿ ನೋಡುವ ಹಾಗೂ ಇಲ್ಲ.

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದ. ಪ್ರತಿ ಐತವಾರ ಅಡುಗೆ ಅವನ ಪಾಲಿಗೆ ಬರುತ್ತಿತ್ತು, ಹಾಗಾಗಿ ನನ್ನ ಬಟ್ಟೆ ನೋಡಿದ್ದೇ ತಡ, ಅವನ ಮುಖ ಅರಳಿತು.

"ಅವ್ವಾ, ಇಕಿ ತೋಯ್ದಾಳ! ಕರಾರು ಮುಗೀತಲ್ಲ?"

ಅತ್ತೆ ಗೋಡೆಗೆ ಬೆನ್ನು ಹಚ್ಚಿಕೊಂಡೇ ಒಳಗೆ ಬಂದರು.

"ಏನು ಮುಗೀತು? ಸೊಸಿ ಒಬ್ಬಾಕಿನ ತೋಯ್ದು ಬಂದ್ರ ಅಂತ ನಾ ಅಂದಿದ್ದು. ಅತ್ತಿ ಸೊಸಿ ಇಬ್ಬರೂ ತೋಯ್ದು ಬಂದ್ರ ಅದು ತೋಯ್ದಂಗಲ್ಲ."

ಅತ್ತೆ ಹಾಗೇ ಗೋಡೆಗುಂಟ ಸರಿಯುತ್ತಾ ಬಚ್ಚಲುಮನೆಯ ಬಾಗಿಲು ಮುಟ್ಟಿ, ಒಳಗೆ ಹೋಗುವ ಮುನ್ನ ನನ್ನ ಕಡೆ ತಿರುಗಿದರು.

"ಬರೋ ಐತವಾರ ಮತ್ತ ಹೋಗೋಣಬೇ, ಆ ಮರಿ ನನಗೂ ಒಂದ್ಸಲ ತೋರ್ಸು. ಆದ್ರ ಈ ಸಲ ಹೋಗೂ ಮುಂಚೆ ಇಬ್ಬರೂ ಚಾ ಕುಡಿಯೋದು ಬ್ಯಾಡ."